ನೆಲದಲ್ಲಿ ನಿಂತು ಅಳೆದ ಛಾವಣಿ

ಆ ಮನೆಯ ಇತಿಹಾಸವನ್ನು ಮುಂದೆ ಯಾರಾದರೂ ಬರೆಯುವುದಾದರೆ ಆ ಭಾನುವಾರದ ಬೆಳಗಿನ ಹತ್ತೂಕಾಲು ಗಂಟೆಯನ್ನು ದಪ್ಪಕ್ಷರಗಳಲ್ಲಿ ನಮೂದಿಸಬೇಕಾಗುತ್ತದೆ. ಆ ಗಳಿಗೆಯಲ್ಲಿ ಸರ್ವೇಯರು ಒಂದು ಹೊಸ ನೋಟುಪುಸ್ತಕಕ್ಕೆ ಕಂದು ಕಾಗದದ ಹೊದಿಕೆ ಹಾಕಿ ಮುಗಿಸಿದರು. ಮೂಲೆಗಳನ್ನು ಮಡಚಿ, ಉಗುರಿನಿಂದ ತೀಡಿ, ಲೇಬಲ್ ಅಂಟಿಸಿ, ಅದರ ಮೇಲೆ ‘ಛಾವಣಿ: ಅಂದಾಜು’ ಎಂದು ಬರೆದು, ಶಾಯಿ ಆರಲೆಂದು ಊದಿದರು. ಊದುವಾಗ ಮನೆಯಲ್ಲಿ ಯಾರೂ ಉಸಿರೆತ್ತಲಿಲ್ಲ.

“ಹೋದ ವರ್ಷದ್ದಕ್ಕೆ ಹಸಿರು ಕಾಗದ ಹಾಕಿದ್ದೆ ಅಲ್ವೇನೋ?” ಎಂದರು ಅವರ ತಾಯಿ.

“ಅದು ಹೋದ ವರ್ಷದ್ದಮ್ಮ.”

“ಅದರ ಹಿಂದಿನ ವರ್ಷ ನೀಲಿ.”

ಅವರ ಹೆಂಡತಿ ದರ್ಜಿ. ಬಾಯಲ್ಲಿ ಆರು ಗುಂಡುಸೂಜಿ ಕಚ್ಚಿಕೊಂಡಿದ್ದಳು. ಮದುವೆಯಾಗಿ ಇಪ್ಪತ್ತೆರಡು ವರ್ಷ ಆ ಮನೆಯಲ್ಲಿ ಶಾಂತಿ ಉಳಿದಿದ್ದರೆ ಅದರಲ್ಲಿ ಗುಂಡುಸೂಜಿಗಳ ಪಾಲೂ ಇತ್ತು.

ಆ ಊರಿನ ಹವೆ ಯಾರ ಮುಖವನ್ನೂ ನೋಡುವುದಲ್ಲ. ನಾಲ್ಕು ತಿಂಗಳು ಬಿಸಿಲಿಗೆ ತಗಡು ಹಿಗ್ಗಿ ಠಣ್ ಠಣ್ ಎನ್ನುತ್ತದೆ. ಆಮೇಲೆ ಗಾಳಿ, ಗಾಳಿಯ ಬೆನ್ನಿಗೇ ಆಲಿಕಲ್ಲು. ಇವರ ಮನೆಯ ತಗಡಿಗೆ ಇಪ್ಪತ್ತೆಂಟು ವರ್ಷ. ಮೊಳೆಗಳು ಸಡಿಲವಾಗಿ, ಎಲ್ಲಿ ಹಾರಿಹೋಗುತ್ತದೋ ಎಂದು ಹಳೆಯ ಟೈರುಗಳನ್ನು ಹೇರಿಟ್ಟಿದ್ದರು. ರಸ್ತೆಯಿಂದ ನೋಡಿದವರಿಗೆ ಪಂಕ್ಚರ್ ಅಂಗಡಿಯೊಂದು ಮನೆಯ ತಲೆಯ ಮೇಲೆ ಹತ್ತಿ ಕೂತಂತೆ ಕಾಣುತ್ತಿತ್ತು. ಅದನ್ನು ಬದಲಾಯಿಸಲು ಹೊರಟ ಮೊದಲನೆಯ ವರ್ಷ ಅಂದಾಜು ಮುಗಿಯುವಷ್ಟರಲ್ಲಿ ಗಾಳಿ ಶುರುವಾಯಿತು. ಎರಡನೆಯ ವರ್ಷ ತೊಲೆ, ರೀಪುಗಳನ್ನು ಬದಲಾಯಿಸುವಷ್ಟರಲ್ಲಿ ಹಣ ಮುಗಿಯಿತು. ಈ ವರ್ಷ ಶೀಟು ಹಾಕಿಸುವುದೊಂದೇ ಬಾಕಿ.

ಹೆಂಡತಿಗೆ ಬೇಕಾಗಿದ್ದದ್ದು ಇಡೀ ಛಾವಣಿಯಲ್ಲಿ ಒಂದು ಮೂಲೆ. ಮನೆಯ ಹಿಂಬದಿಗೆ ಆಮೇಲೆ ಸೇರಿಸಿ ಕಟ್ಟಿದ ಹೊಲಿಗೆ ಕೋಣೆ. ಮೂರು ಮಿಷನ್ನು, ಒಂದು ಉದ್ದನೆಯ ಕಟಿಂಗ್ ಮೇಜು, ಎಲ್ಲದರ ಮೇಲೂ ಒಂದು ನೀಲಿ ಟಾರ್ಪಾಲು. ಹೋದ ಮಳೆಗೆ ತುಕ್ಕಿನ ನೀರು ತೊಟ್ಟಿಕ್ಕಿ ಒಬ್ಬರ ಬಿಳಿ ಅಂಗಿಗೆ ಬಿದ್ದು, ಅವಳು ಕೈಯಿಂದ ಹಣ ಹಾಕಿ ಬಟ್ಟೆ ತಂದು ಮತ್ತೆ ಹೊಲಿದುಕೊಟ್ಟಿದ್ದಳು. ಈಗ ಆಸ್ಪತ್ರೆಯಿಂದ ಇನ್ನೂರು ಬಿಳಿ ಕೋಟುಗಳ ಆರ್ಡರು ಬರುವುದಿತ್ತು. ಅಲ್ಲಿನ ಉಗ್ರಾಣದ ಮೇಲ್ವಿಚಾರಕಿ ಸುತ್ತಿಬಳಸಿ ಮಾತಾಡುವವಳಲ್ಲ. “ಸೋರೋ ಕೋಣೆಗೆ ನಾನು ಬಟ್ಟೆ ಕಳಿಸಲ್ಲ ನೋಡಿ. ತಿಂಗಳ ಕೊನೆಗೆ ಬರ್ತೀನಿ, ಕತ್ತೆತ್ತಿ ನೋಡ್ತೀನಿ. ಆಕಾಶ ಕಂಡರೆ ಆರ್ಡರು ಬೇರೆಯವರಿಗೆ” ಎಂದಿದ್ದಳು. ಎರಡು ವರ್ಷದ ಅಂದಾಜುಗಳಲ್ಲಿಯೂ ಹೊಲಿಗೆ ಕೋಣೆ ಕೊನೆಯ ಸಾಲಿನಲ್ಲಿತ್ತು, ಕಾಗದದಲ್ಲೇ ಹಣ ಅದಕ್ಕಿಂತ ಎರಡು ಸಾಲು ಮೇಲೆ ತೀರಿಹೋಗಿತ್ತು.

“ಈ ಸಲ ನಿನ್ನ ಕೋಣೆ ಸೇರಿಸಿಯೇ ಅಳೀತೀನಿ, ಆಯ್ತಾ?” ಎಂದರು ಸರ್ವೇಯರು, ಟೇಪು ತೆಗೆದುಕೊಂಡು.

ಅಳತೆ ಶಾಸ್ತ್ರೋಕ್ತವಾಗಿ ನಡೆಯಿತು. ತಾಯಿ ಟೇಪಿನ ಒಂದು ತುದಿ ಹಿಡಿದು ಗೋಡೆಗೆ ಒರಗಿ ನಿಂತರು. ಮಗ ಇನ್ನೊಂದು ತುದಿ ಹಿಡಿದು ಮನೆಯ ಸುತ್ತ ನಾಲ್ಕು ಕಡೆ ನಡೆದರು, ಸೂರಿನಂಚಿನ ನೇರಕ್ಕೆ ನೆಲದಲ್ಲಿ ಗೂಟ ಹೊಡೆದರು, ಎರಡೆರಡು ಸಲ ಅಳೆದು ಸರಾಸರಿ ತೆಗೆದರು. ಹೊಲಿಗೆ ಕೋಣೆಯೂ ಸೇರಿ ಸಾವಿರದ ನೂರ ನಾಲ್ಕು ಚದರಡಿ. ಅದರ ಮೇಲೆ ಎಚ್ಚರಿಕೆಗೆಂದು ನೂರಕ್ಕೆ ಹತ್ತು, ಒಟ್ಟು ಸಾವಿರದ ಇನ್ನೂರ ಹದಿನಾಲ್ಕು. ದಪ್ಪ ಶೀಟಿನ ಬೆಲೆಗೆ ಗುಣಿಸಿದರೆ ಕೂಡಿಟ್ಟ ಹಣದೊಳಗೇ ಕೂತಿತು. ಸೂರಿಗೆ ನೀರು ಹರಿಯುವ ದೋಣಿ, ನಡುಮನೆಗೆ ಒಳಗಿನ ಸೀಲಿಂಗು, ಇವಕ್ಕೂ ಜಾಗ ಸಿಕ್ಕಿತು. ಹಳೆಯ ತಗಡನ್ನು ಮಾರಿ ಬರುವ ಹಣವನ್ನು ‘ಆದಾಯ’ ಎಂಬ ತಲೆಬರಹದ ಕೆಳಗೆ ಒಂಟಿಯಾಗಿ ಕೂರಿಸಿದರು.

ಬುಧವಾರ ಶೀಟಿನ ಮೇಸ್ತ್ರಿ ಬಂದ. ಅವನಿಗೆ ಊರಲ್ಲಿ ‘ಬೆಕ್ಕು’ ಎಂದೇ ಹೆಸರು; ಆಯುಷ್ಯದ ಅರ್ಧವನ್ನು ಪರರ ಮನೆಯ ಸೂರಿನ ಮೇಲೆ ಕಳೆದವನು. ಸರ್ವೇಯರು ನೋಟುಪುಸ್ತಕ ಮುಂದೆ ಚಾಚಿದರು. ಅವನು ಹೊದಿಕೆಯನ್ನು ಮೆಚ್ಚಿಕೊಂಡು, ತೆರೆಯದೆ ಕಟ್ಟೆಯ ಮೇಲಿಟ್ಟು, ಏಣಿ ಹತ್ತಿದ. ಕಾಲು ಗಂಟೆ ಮೇಲೆ ಓಡಾಡಿದ ಸದ್ದು ಕೇಳಿತು. ಇಳಿದು ಬಂದು ಕೈ ಒರೆಸಿಕೊಂಡ.

“ಇಳಿಜಾರಿನ ಮೈಯಳತೆ ಸಾವಿರದ ಮುನ್ನೂರು. ಮೂಲೆ ಕಟಿಂಗು ಇನ್ನೂರು. ಒಟ್ಟು ಸಾವಿರದ ಐನೂರು ಚದರಡಿ ಶೀಟು ಬೇಕು ಸಾರ್.”

“ಸಾವಿರದ ನೂರ ನಾಲ್ಕು” ಎಂದರು ಸರ್ವೇಯರು.

“ಎಲ್ಲಿಂದ ಅಳೆದ್ರಿ?”

“ಇಲ್ಲಿಂದ. ನೆಲದ ಮೇಲೆ.”

ಬೆಕ್ಕು ಮೇಲೆ ನೋಡಿದ, ಕೆಳಗೆ ನೋಡಿದ, ಸರ್ವೇಯರ ಹೆಂಡತಿಯ ಕಡೆ ನೋಡಿದ. “ಅಕ್ಕ, ಸಾರ್ ಏನು ಕೆಲಸ ಮಾಡೋದು?”

“ಜಮೀನು ಅಳೀತಾರೆ.”

“ಅದಕ್ಕೇ ಅನ್ನಿ!”

ವಿಷಯ ಇಷ್ಟೇ. ಗುಡ್ಡವಿರಲಿ, ಹಳ್ಳವಿರಲಿ, ಜಮೀನಿನ ನಕ್ಷೆಯಲ್ಲಿ ಎಲ್ಲವೂ ಮಟ್ಟಸ. ಏರನ್ನು ಏರೆಂದು ಎಣಿಸಿದವನು ಸರ್ವೇಯರೇ ಅಲ್ಲ. ಇಪ್ಪತ್ತಾರು ವರ್ಷ ಗುಡ್ಡಗಳನ್ನು ಚಪ್ಪಟೆ ಮಾಡಿದ ಕೈ ಮನೆಯ ಛಾವಣಿಯನ್ನೂ ಚಪ್ಪಟೆ ಮಾಡಿತ್ತು. ಆಲಿಕಲ್ಲು ಜಾರಲೆಂದೇ ಆ ಊರಿನ ಛಾವಣಿಗಳು ಕಡಿದಾಗಿರುತ್ತವೆ. ಹಾಗೆ ಏರಿ ಇಳಿಯುವ ತಗಡು ನೆಲದ ಅಳತೆಗಿಂತ ಜಾಸ್ತಿ ಬೇಕು.

“ಅಲ್ಲಾರೀ, ನೆರಳಿನ ಅಳತೆ ತಗೊಂಡು ಅಂಗಿ ಹೊಲಿದ್ರೆ ಹೊಟ್ಟೆ ಇರೋರು ಏನು ಮಾಡಬೇಕು?” ಎಂದಳು ಅವಳು. ಆ ಹೊತ್ತಿಗೆ ಬಾಯಲ್ಲಿ ಗುಂಡುಸೂಜಿ ಇರಲಿಲ್ಲ.

ಸರ್ವೇಯರು ತಮ್ಮ ಹೊಟ್ಟೆಯ ಕಡೆ ನೋಡಿಕೊಂಡರು. “ತಪ್ಪು ನನ್ನದೇ” ಎಂದರು. ಈ ಮಾತು ಆ ಮನೆಯಲ್ಲಿ ಎಷ್ಟು ಅಪರೂಪವಾಗಿತ್ತೆಂದರೆ ತಾಯಿ ಒಳಗಿನಿಂದ “ಯಾರು ಬಂದಿದ್ದಾರೆ?” ಎಂದು ಕೇಳಿದರು.

ತೆಳು ಶೀಟು ಹಾಕಿದರೆ ಹೇಗೆ ಎಂದು ಯೋಚನೆ ನಡೆಯಿತು. ಬೆಕ್ಕು ತನ್ನ ಚೀಲದಿಂದ ಒಂದು ತೆಳು ತುಂಡು ತೆಗೆದು ಹೆಬ್ಬೆರಳಿನಿಂದ ಒತ್ತಿದ, ತಗ್ಗು ಬಿತ್ತು. “ಇದು ನನ್ನ ಬೆರಳು. ಆಲಿಕಲ್ಲಿಗೆ ಇಷ್ಟು ಮರ್ಯಾದೆ ಇರಲ್ಲ. ಗಾಳಿ ಬಂದ್ರೆ ಹಾರೋ ಶೀಟು ನಿಮ್ಮದು, ಅದು ಬೀಳೋ ಮನೆ ಪಕ್ಕದವರದ್ದು.”

ಸರ್ವೇಯರು ಕೆಂಪು ಪೆನ್ಸಿಲು ಹುಡುಕಿದರು. ಅದು ಸಿಕ್ಕಿದ್ದೇ ತಡ, ಅವರ ಕೈ ತನ್ನಷ್ಟಕ್ಕೆ ಕೊನೆಯ ಸಾಲಿಗೆ ಇಳಿಯಿತು.

“ನಿನ್ನ ಕೋಣೆ ಮುಂದಿನ ವರ್ಷ...”

“ಮುಂದಿನ ವರ್ಷಕ್ಕೆ ಯಾವ ಬಣ್ಣದ ಕಾಗದ?” ಎಂದಳು.

ಪೆನ್ಸಿಲು ನಿಂತಿತು. ಅವಳು ಕೂಗಾಡಲಿಲ್ಲ, ಅಳಲಿಲ್ಲ. “ಮೇಸ್ತ್ರಿ, ಒಳಗೆ ಬಾ. ಆ ಇನ್ನೂರು ಅಡಿ ಕಟಿಂಗು ಅಂದ್ಯಲ್ಲ, ಅದೇನು ಅಂತ ನನಗೆ ತೋರಿಸು” ಎಂದು ಹೊಲಿಗೆ ಕೋಣೆಗೆ ಕರೆದೊಯ್ದಳು.

ಮೇಜಿನ ಮೇಲೆ ಹಳೆಯ ಪತ್ರಿಕೆ ಹರಡಿ ಛಾವಣಿಯನ್ನು ಬಿಡಿಸಿದರು. ಮನೆಯ ನಾಲ್ಕು ಕಡೆಗೂ ಇಳಿಜಾರು. ನಾಲ್ಕು ಮೂಲೆಯಲ್ಲೂ ಎರಡು ಇಳಿಜಾರು ಓರೆಯಾಗಿ ಸೇರುತ್ತವೆ. ಓರೆ ಬಂದ ಕಡೆಯೆಲ್ಲ ಶೀಟನ್ನು ಓರೆಯಾಗಿ ಕತ್ತರಿಸಬೇಕು. ಒಂದು ಪಾಲು ಮೇಲೇರುತ್ತದೆ, ಇನ್ನೊಂದು ಪಾಲು ಉಳಿಯುತ್ತದೆ.

“ಉಳಿದದ್ದು ಏನಾಗುತ್ತೆ?”

“ವೇಸ್ಟು ಅಕ್ಕ.”

“ಅದು ಸರಿ. ವೇಸ್ಟು ಎಲ್ಲಿಗೆ ಹೋಗುತ್ತೆ?”

ಬೆಕ್ಕು ಕಿವಿ ಕೆರೆದುಕೊಂಡ. ಅವಳು ನಕ್ಕುಬಿಟ್ಟಳು. ಉಳಿದ ಬಟ್ಟೆ ಎಲ್ಲಿ ಎಂದು ಗಿರಾಕಿ ಕೇಳಿದಾಗ ತಾನೂ ಹೀಗೇ ಕಿವಿ ಕೆರೆದುಕೊಳ್ಳುವುದು ಅವಳಿಗೆ ಗೊತ್ತಿತ್ತು. ಅತ್ತೆಯ ಹಾಸಿಗೆಯ ಮೇಲಿನ ಕೌದಿಯಲ್ಲಿ ಊರಿನ ಅರ್ಧ ಜನರ ಅಂಗಿಯ ಚೂರುಗಳಿದ್ದವು. ಕತ್ತರಿಸಿ ಉಳಿದದ್ದು ಕತ್ತರಿ ಹಿಡಿದವರಿಗೆ. ಬಟ್ಟೆಗೂ ತಗಡಿಗೂ ಅದೇ ಪದ್ಧತಿ.

“ಕೋಳಿಗೂಡಿನವರು ತಗೊಳ್ತಾರೆ” ಎಂದು ಕೊನೆಗೆ ಒಪ್ಪಿಕೊಂಡ. “ಆದ್ರೂ ಅಕ್ಕ, ಅದು ನಿಮಗೆ ಉಪಯೋಗಕ್ಕೆ ಬರಲ್ಲ. ನೋಡಿ.” ಎಡ ಮೂಲೆಯಿಂದ ಉಳಿದ ಕಾಗದದ ತುಂಡನ್ನು ಮಗುಚಿ ಬಲ ಮೂಲೆಗೆ ಇಟ್ಟ. “ಕೂರುತ್ತೆ. ಆದ್ರೆ ಬಣ್ಣ ಒಳಗೆ ಹೋಯ್ತು, ತುಕ್ಕು ಹಿಡಿಯೋ ಕಡೆ ಮೇಲೆ ಬಂತು.”

“ಯಾರು ಮಗುಚು ಅಂದ್ರು? ಎಡದ್ದನ್ನ ಬಲಕ್ಕೆ ಯಾಕೆ ಒಯ್ತೀಯ? ಒಂದೇ ಮೈಗೆ ಪ್ರಿಂಟು ಇರೋ ಬಟ್ಟೆಯಲ್ಲಿ ಎಡ ತೋಳಿನ ತುಂಡು ಬಲ ತೋಳಾಗಲ್ಲ ಮೇಸ್ತ್ರಿ, ಇನ್ನೊಂದು ಅಂಗಿಯ ಎಡ ತೋಳಾಗುತ್ತೆ.” ಅವಳು ತುಂಡನ್ನು ಮಗುಚದೆ, ಮೇಜಿನ ಮೇಲೇ ಅರ್ಧ ಸುತ್ತು ತಿರುಗಿಸಿದಳು. ಕಾಲಿದ್ದ ಕಡೆ ತಲೆ ಬಂತು. ಹಾಗೆಯೇ ಜಾರಿಸಿ ಪಕ್ಕದ ಇಳಿಜಾರಿನ ಎಡ ಮೂಲೆಗೆ ಇಟ್ಟಳು. ಓರೆಗೆ ಓರೆ ಕೂತಿತು, ಬಣ್ಣ ಮೇಲೆಯೇ ಇತ್ತು.

ಬೆಕ್ಕು ಬಾಗಿ ಓರೆಯ ಮೇಲೆ ಬೆರಳಾಡಿಸಿದ. ಇನ್ನೊಂದು ತುಂಡು ತಾನೇ ತಿರುಗಿಸಿದ. “ಇಪ್ಪತ್ತು ವರ್ಷ...” ಎಂದ.

“ಇಪ್ಪತ್ತು ವರ್ಷ ಕೋಳಿಗಳು ಸುಖವಾಗಿದ್ದವು ಬಿಡು.”

ಒಂದೂವರೆ ಗಂಟೆ ಇಬ್ಬರೂ ಕತ್ತರಿಸಿ ತಿರುಗಿಸಿ ಲೆಕ್ಕ ಹಾಕಿದರು. ಇನ್ನೂರು ಅಡಿ ಕಟಿಂಗು ನಲವತ್ತಕ್ಕೆ ಇಳಿಯಿತು. ಸರ್ವೇಯರು ಬಾಗಿಲಲ್ಲಿ ನಿಂತು ನೋಡಿ, ಹೋಗಿ ನೋಟುಪುಸ್ತಕ ತಂದು, ಕರೆಯದೆ ಬಂದು ಕೂತು ಬರೆದುಕೊಂಡರು. ‘ಇಳಿಜಾರು’ ಎಂದು ಹೊಸದೊಂದು ಕಾಲಮ್ಮನ್ನೂ ಎಳೆದರು.

“ನನ್ನ ಪಾಲು ಹೋಯ್ತಲ್ಲ ಅಕ್ಕ” ಎಂದ ಬೆಕ್ಕು.

“ಹಳೇ ತಗಡೆಲ್ಲ ನೀನೇ ತಗೊಂಡು ಹೋಗು.”

“ಅದು ಆದಾಯ!” ಎಂದರು ಸರ್ವೇಯರು.

“ರೀ, ಜರಡಿಯಂಥ ತಗಡಿಗೆ ಯಾರು ಏನು ಕೊಡ್ತಾರೆ? ಟೈರುಗಳನ್ನ ನೀವೇ ಮಾರ್ಕೊಳ್ಳಿ.”

ಇಷ್ಟಾದರೂ ಅಂದಾಜಿಗಿಂತ ನೂರ ಇಪ್ಪತ್ತಾರು ಚದರಡಿ ಶೀಟು ಹೆಚ್ಚಾಗಿಯೇ ಬೇಕಾಯಿತು. ಕೆಂಪು ಪೆನ್ಸಿಲು ಮತ್ತೆ ಹೊರಟಿತು. ಈ ಸಲ ಸರ್ವೇಯರು ಅದನ್ನು ಕೊನೆಯ ಸಾಲಿಗೆ ಒಯ್ಯಲಿಲ್ಲ. ಮೊದಲು ನೀರಿನ ದೋಣಿಯನ್ನು ಹೊಡೆದರು. ಆಮೇಲೆ ನಡುಮನೆಯ ಸೀಲಿಂಗನ್ನೂ ಹೊಡೆದರು. ಬೇಸಿಗೆಯಲ್ಲಿ ಮಧ್ಯಾಹ್ನ ಅದರ ಕೆಳಗೆ ಮಲಗುವವರು ಆ ಮನೆಯಲ್ಲಿ ಇಬ್ಬರೇ, ತಾಯಿ ಮತ್ತು ಸ್ವತಃ ಅವರು.

“ಅಮ್ಮ, ಸೀಲಿಂಗು ಇಲ್ಲ ಈ ವರ್ಷ. ಸೆಕೆ ಆಗುತ್ತೆ.”

“ಇಷ್ಟು ವರ್ಷ ಏನು ತಂಪಿತ್ತೇನೋ?” ಎಂದರು ತಾಯಿ.

ಕೆಲಸ ಹತ್ತು ದಿನ ಹಿಡಿಯಿತು. ಬೆಕ್ಕು ಕಾಗದದ ತುಂಡುಗಳಿಗೆ ನಂಬರು ಹಾಕಿಸಿಕೊಂಡು ಜೇಬಿನಲ್ಲಿಟ್ಟು ಹತ್ತಿದ. ಎರಡು ಶೀಟು ಮಾತ್ರ ತಪ್ಪಾಗಿ ಕತ್ತರಿಸಿದ, ಅವನ್ನು ತನ್ನ ಲೆಕ್ಕದಲ್ಲೇ ಬದಲಾಯಿಸಿಕೊಟ್ಟ. ಹೊಲಿಗೆ ಕೋಣೆಯನ್ನು ಅವಳು ಮೊದಲು ಮಾಡಿಸಿದಳು, ಕೊನೆಗೆ ಬಿಟ್ಟರೆ ಏನಾಗುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ತಿಂಗಳ ಕೊನೆಗೆ ಗಾಳಿ ಬೀಸತೊಡಗಿತು. ಅದರ ಮರುದಿನ ಆಲಿಕಲ್ಲು ಬಿತ್ತು. ಅದರ ಮರುದಿನ ಆಸ್ಪತ್ರೆಯ ಮೇಲ್ವಿಚಾರಕಿ ಬಂದು ಕತ್ತೆತ್ತಿ ನೋಡಿದಳು, ಗೋಡೆಯನ್ನು ಕೈಯಿಂದ ಮುಟ್ಟಿ ನೋಡಿದಳು. “ಆಕಾಶ ಕಾಣಲ್ಲ, ಗೋಡೆಯ ಹಳೇ ತೇವ ಮಾತ್ರ ಇನ್ನೂ ಆರಿಲ್ಲ” ಎಂದು ಇನ್ನೂರರ ಬದಲು ನೂರ ಐವತ್ತು ಕೋಟುಗಳಿಗೆ ಆರ್ಡರು ಬರೆದುಕೊಟ್ಟಳು.