ಹನ್ನೊಂದು ಹುಬ್ಬುಗೂದಲು

ಕೌದಳ್ಳಿಯ ಚರಿತ್ರೆಯನ್ನು ಯಾರಾದರೂ ಬರೆಯುವುದಾದರೆ, ದೊಡ್ಡಮಾದಮ್ಮನ ಸೊಸೆ ದೀಪಳ ಹುಬ್ಬಿನಿಂದ ಉದುರಿದ ಹನ್ನೊಂದು ಕೂದಲಿಗೆ ಒಂದು ಅಧ್ಯಾಯವನ್ನಾದರೂ ಮೀಸಲಿಡಬೇಕು. ರಸ್ತೆ ಅಗಲವಾಗುವುದು, ಮೊಬೈಲ್ ಟವರ್ ಬರುವುದು ಎಲ್ಲ ಊರಲ್ಲೂ ಇದ್ದದ್ದೇ. ಈ ಹನ್ನೊಂದು ಕೂದಲು ಮಾತ್ರ ಹನ್ನೆರಡು ಮನೆಗಳ ನೆಮ್ಮದಿ ಕೆಡಿಸಿ, ಒಬ್ಬ ಗಂಡಸಿನ ಮುಖಲಕ್ಷಣವನ್ನು ಬದಲಾಯಿಸಿ, ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನವರೆಗೂ ಪ್ರಭಾವ ಬೀರಿದವು. ಹನ್ನೊಂದೇ ಎಂಬುದಕ್ಕೆ ಸಾಕ್ಷಿಯೂ ಇದೆ. ಬಾಗಿಲಲ್ಲಿ ಕೂತು ದೊಡ್ಡಮಾದಮ್ಮನೇ ಎಣಿಸಿದ್ದಳು.

ಕಿತ್ತವಳು ರತ್ನ. ಹುಟ್ಟಿದ್ದು ಕೊಳ್ಳೇಗಾಲ, ಕೊಟ್ಟಿದ್ದು ಹನೂರಿಗೆ. ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಎದುರಿನ ಒಂದು ಬ್ಯೂಟಿ ಪಾರ್ಲರಿನಲ್ಲಿ ಆರು ವರ್ಷ ಕೆಲಸ ಮಾಡಿದವಳು. ಮದುವೆಯಾದ ಮೇಲೂ ಎರಡು ವರ್ಷ ಬೆಳಗಿನ ಬಸ್ಸಿನಲ್ಲಿ ಒಂಟಿಕಾಲಲ್ಲಿ ನಿಂತು ಹೋಗಿ ಬಂದವಳು. ಕಳೆದ ದೀಪಾವಳಿ ಆದಮೇಲೆ, ಇನ್ನು ಸಾಕು, ನನ್ನ ಕೆಲಸ ನಾನೇ ಮಾಡಿಕೊಳ್ಳುತ್ತೇನೆ ಎಂದು ಹಳೇ ಸ್ಕೂಟರೊಂದನ್ನು ಕೊಂಡು, ಜಿಪ್ ಇರುವ ಕಪ್ಪು ಬ್ಯಾಗಿನಲ್ಲಿ ಹುಬ್ಬು ತಿದ್ದುವ ದಾರದ ಉಂಡೆ, ಕತ್ತರಿ, ಕ್ರೀಮು ತುಂಬಿಕೊಂಡು ಹೊರಟಳು. ಹನೂರಿನಲ್ಲಿ ಆಗಲೇ ಎರಡು ಪಾರ್ಲರುಗಳಿದ್ದವು. ಮಾದಪ್ಪನ ಬೆಟ್ಟದ ರಸ್ತೆಯ ಕೌದಳ್ಳಿಯಲ್ಲಿ ಒಂದೂ ಇರಲಿಲ್ಲ. ಅಲ್ಲಿಯ ಹೆಂಗಸರ ಮನೆಬಾಗಿಲಿಗೇ ಹೋಗುವುದು ರತ್ನಳ ಉಪಾಯ.

ಕೆಲಸ ಬಿಡುವಾಗ ಪಾರ್ಲರಿನ ಮೇಡಂ ನಗುತ್ತಲೇ ಹೇಳಿದ್ದಳು: "ಹೋಗು, ಹೋಗು. ಯುಗಾದಿ ತನಕ ನಿನ್ನ ಕುರ್ಚಿ ಖಾಲಿನೇ ಇಟ್ಟಿರ್ತೀನಿ." ಆ ನಗು ರತ್ನಳಿಗೆ ಮೂಳೆಯವರೆಗೂ ತಾಗಿತ್ತು. ಯುಗಾದಿಯೊಳಗೆ ಇಪ್ಪತ್ತು ಖಾಯಂ ಮನೆ ಮಾಡಬೇಕು, ಇಲ್ಲದಿದ್ದರೆ ಬಾಯಿ ಮುಚ್ಚಿಕೊಂಡು ಆ ಕುರ್ಚಿಗೆ ವಾಪಸು ಎಂದು ತನಗೆ ತಾನೇ ಗಡುವು ಹಾಕಿಕೊಂಡಳು. ಖಾಯಂ ಮನೆ ಎಂದರೆ ತಾನು ಫೋನು ಮಾಡದೆ ಅವರೇ ಎರಡನೆಯ ಸಲ ಕರೆಯುವ ಮನೆ.

ಸಂಕ್ರಾಂತಿಯ ಹೊತ್ತಿಗೆ ಹನ್ನೆರಡು ಮನೆಗಳಾದವು. ಹದಿಮೂರನೆಯದು ದೊಡ್ಡಮಾದಮ್ಮನದು.

ದೀಪಳ ಹುಬ್ಬು ತಿದ್ದಿದ ಮೇಲೆ ರತ್ನ ಎಂದಿನಂತೆ ಸಣ್ಣ ಬ್ರಷ್ಷಿನಿಂದ ಉದುರಿದ್ದನ್ನೆಲ್ಲ ಕಾಗದಕ್ಕೆ ಗುಡಿಸಿ, ಕಾಗದವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಕವರಿಗೆ ಗಂಟು ಬಿಗಿದಳು. ಇದು ಮೇಡಂ ಕಲಿಸಿದ ಮೊದಲ ಪಾಠ. 'ಗಿರಾಕಿ ಮನೇಲಿ ಒಂದೆಳೆ ಕೂದಲು ಬಿಟ್ಟು ಬಂದರೂ ಎರಡನೇ ಸಲ ಕರೆಯಲ್ಲ.' ರತ್ನಳಿಗೆ ಈ ಶುಚಿತ್ವದ ಬಗ್ಗೆ ಒಳಗೊಳಗೇ ಹೆಮ್ಮೆ.

ಬಾಗಿಲಲ್ಲಿ ಕಾಲು ಚಾಚಿ ಕೂತಿದ್ದ ದೊಡ್ಡಮಾದಮ್ಮ ಕೇಳಿದಳು: "ಎಲ್ಲಿ ಕಲ್ತೆ ಕೂಸೇ ಇದ್ನೆಲ್ಲ?"

"ಕೊಳ್ಳೇಗಾಲದಲ್ಲಿ ದೊಡ್ಡವ್ವ. ಆರು ವರ್ಸ."

"ಆರು ವರ್ಸ!" ಮುದುಕಿ ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿದಳು. "ಆ ಕವರ್ನಲ್ಲಿ ಏನದು?"

"ನಿಮ್ ಸೊಸೆ ಕೂದ್ಲು."

"ಅದ್ಯಾಕವ್ವ ನಿಂಗೆ?"

"ನಮ್ದು ಅಂಗೇ ದೊಡ್ಡವ್ವ. ಒಂದೆಳೆನೂ ಬುಡಂಗಿಲ್ಲ."

ರತ್ನ ಬ್ಯಾಗಿನ ಜಿಪ್ಪು ಎಳೆದು, ನಮಸ್ಕಾರ ಹೇಳಿ, ಸ್ಕೂಟರು ಹತ್ತಿದಳು. ಒಳ್ಳೆಯ ಅಭಿಪ್ರಾಯ ಮೂಡಿಸಿ ಬಂದೆ ಎಂದೇ ಅವಳು ಹನೂರಿನವರೆಗೂ ಅಂದುಕೊಂಡಿದ್ದಳು.

ಮುಂದಿನ ವಾರ ಅವಳ ಫೋನು ಸುಮ್ಮನಾಯಿತು. ತಾನೇ ಮಾಡಿದರೆ ಮೂರು ಮನೆಯವರು ಸೂತಕ ಎಂದರು. ಒಬ್ಬಳು ಅಮಾವಾಸ್ಯೆ ಕಳೆಯಲಿ ಎಂದಳು. ಅಮಾವಾಸ್ಯೆ ಕಳೆದ ಮೇಲೆ ಹುಣ್ಣಿಮೆ ಬರಲಿ ಎಂದಳು. ಇನ್ನೊಬ್ಬಳು ಫೋನೆತ್ತಿ, ತಾನು ಮನೆಯಲ್ಲಿಲ್ಲ ಎಂದು ತಾನೇ ಹೇಳಿದಳು. ರತ್ನ ಕೌದಳ್ಳಿಯ ಟೀ ಅಂಗಡಿಯಲ್ಲಿ ಸ್ಕೂಟರು ನಿಲ್ಲಿಸಿ, ಊರಲ್ಲಿ ಯಾರು ತೀರಿಕೊಂಡರು ಎಂದು ವಿಚಾರಿಸಿದಳು. ಅಂಗಡಿಯ ಶಾಂತಮೂರ್ತಿ ಲೋಟ ತೊಳೆಯುತ್ತ, "ಯಾರೂ ಇಲ್ವಲ್ಲ. ಯಾಕೆ, ಯಾರ್ಗಾದ್ರೂ ಉಸಾರಿಲ್ವಾ?" ಎಂದು ತಿರುಗಿ ಕೇಳಿದ. ಸಾವೇ ಇಲ್ಲದ ಊರಿನಲ್ಲಿ ಮೂರು ಸೂತಕ.

ಇದರ ಹಿಂದೆ ಯಾರದೋ ಕೈಯಿದೆ ಎಂದು ರತ್ನ ತೀರ್ಮಾನಿಸಿದಳು. ಯಾರದೆಂಬುದರಲ್ಲೂ ಅವಳಿಗೆ ಅನುಮಾನವಿರಲಿಲ್ಲ: ಕವಿತ. ಕೌದಳ್ಳಿಯ ಏಕೈಕ ಫ್ಯಾನ್ಸಿ ಸ್ಟೋರಿನ ಒಡತಿ; ಇತ್ತೀಚೆಗೆ ಫೇಶಿಯಲ್ ಕ್ರೀಮಿನ ಡಬ್ಬಿಗಳನ್ನು ಗಾಜಿನ ಮುಂದೆ ಜೋಡಿಸಿಟ್ಟಿದ್ದಳು. ದಾರ ಹಿಡಿಯಲು ಎಷ್ಟು ದಿನ ಬೇಕು? ಮೊಬೈಲಿನಲ್ಲಿ ನೋಡಿಯೇ ಕಲಿಯುವ ಕಾಲ. ರತ್ನ ಪಿನ್ನು ಕೊಳ್ಳುವ ನೆಪದಲ್ಲಿ ಅಂಗಡಿಗೆ ಹೋಗಿ ಕವಿತಳ ಮುಖವನ್ನು ತನಿಖೆ ಮಾಡಿದಳು. ಅವಳ ಎರಡು ಹುಬ್ಬೂ ಮೂಗಿನ ಮೇಲೆ ಕೈಕೈ ಹಿಡಿದು ನಿಂತಿದ್ದವು. ದಾರ ಬಲ್ಲವಳು ತನ್ನ ಮುಖವನ್ನು ಹಾಗೆ ಬಿಡುವುದಿಲ್ಲ.

ಆದರೆ ಕವಿತ ಒಂದು ಕೆಲಸ ಮಾಡಿದಳು. ರತ್ನಳನ್ನು ಕಂಡೊಡನೆ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿದ್ದ ತನ್ನ ಬಾಚಣಿಗೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಸೆರಗು ಮುಚ್ಚಿದಳು.

"ನಿನ್ ಬಾಚಣ್ಗೆ ಕದ್ಕೊಂಡ್ ಓಯ್ತಿನೇನಮ್ಮಿ ನಾನು?" ರತ್ನ ನಗುತ್ತಾ ಕೇಳಿದಳು.

"ಅಂಗೇನಿಲ್ಲ ಬುಡಿ," ಎಂದ ಕವಿತ ನಗಲಿಲ್ಲ. "ಪಿನ್ನು ತಕಳಿ. ಕಾಸು ಅಲ್ಲೇ ಮಡಗಿ."

ಹೊರಗೆ ಬಂದಾಗ ರತ್ನ ಇನ್ನೊಂದನ್ನು ಗಮನಿಸಿದಳು. ನಲ್ಲಿಯ ಹತ್ತಿರ ನಿಂತಿದ್ದ ಹೆಂಗಸರೆಲ್ಲ ತಲೆಯ ಮೇಲೆ ಸೆರಗು ಹೊದ್ದಿದ್ದರು. ಈ ಸೀಮೆಯಲ್ಲಿ ಇಲ್ಲದ ಪದ್ಧತಿ ಅದು. ಅವಳು ಅವರನ್ನು ದಾಟಿ ಹೋದ ಮೇಲೆ ಸ್ಕೂಟರಿನ ಕನ್ನಡಿಯಲ್ಲಿ ನೋಡಿದರೆ, ಸೆರಗುಗಳೆಲ್ಲ ಒಂದೊಂದಾಗಿ ಕೆಳಗಿಳಿಯುತ್ತಿದ್ದವು.

ಮೂರು ವಾರ ಹೀಗೆ ಕಳೆಯಿತು. ಕೊಳ್ಳೇಗಾಲದ ಮೇಡಂಗೆ ಫೋನು ಮಾಡಿಬಿಡುವುದೇ ಲೇಸೆಂದು ರತ್ನ ನಂಬರು ಹುಡುಕುತ್ತಿದ್ದಾಗ ದೀಪಳ ಫೋನು ಬಂತು. ದನಿ ತೀರ ಸಣ್ಣಗಿತ್ತು. ಹಿಂದೆ ಎಮ್ಮೆಯೊಂದು ಉಸಿರು ಬಿಡುವುದು ಕೇಳುತ್ತಿತ್ತು.

"ಅಕ್ಕಾ, ಕೊಟ್ಗೆಯಿಂದ ಮಾತಾಡ್ತಾವ್ನಿ. ನಮ್ಮತ್ತೆ ನನ್ ಉಬ್ಬು ವಾಪಸ್ ಕೇಳ್ತಾವ್ರೆ."

"ಏನ್ ಕೇಳ್ತಾವ್ರೆ?"

"ನೀವ್ ಕವರ್ಗೆ ಹಾಕಂಡ್ ಓದ್ರಲ್ಲ, ಅದು. ನೀವ್ ಬಂದ್ ಓದ್ ಮಾರ್ನೇ ದಿನ ನಂಗೆ ಜ್ವರ ಬಂತು. ಎಮ್ಮೆ ಆಲು ಕಮ್ಮಿ ಮಾಡ್ತು. ನಮ್ ಮನೆಯವ್ರ ಫೋನು ತೊಟ್ಟಿಗೆ ಬಿತ್ತು. ಕೊಳ್ಳೇಗಾಲದಲ್ಲಿ ಆರು ವರ್ಸ ಕಲ್ತು ಬಂದವ್ಳೆ, ಎಂಗಸ್ರ ಕೂದ್ಲ ಗಂಟು ಕಟ್ಕೊಂಡ್ ಓಯ್ತಾಳೆ ಅಂತ ಅತ್ತೆ ಊರಿಗೆಲ್ಲ ಏಳವ್ರೆ."

ಬಾಚಣಿಗೆ, ಸೆರಗು ಎಲ್ಲ ರತ್ನಳಿಗೆ ಈಗ ಅರ್ಥವಾಯಿತು. ಕೊಳ್ಳೇಗಾಲದ ಮಾಟದ ಖ್ಯಾತಿ ಅವಳಿಗೆ ಹೊಸದಲ್ಲ. ಬೆಂಗಳೂರಿನವರು ಕೊಳ್ಳೇಗಾಲ ಎಂದರೆ ಸಾಕು, ಮಾತಿನ ಮಧ್ಯೆ ಒಂದು ಕ್ಷಣ ತಡೆಯುತ್ತಾರೆ. ಕೊಳ್ಳೇಗಾಲದವರು, ಅದೆಲ್ಲ ಇಲ್ಲಿಲ್ಲ, ಆಚೆ ಹಳ್ಳಿಗಳ ಕಡೆ ಎನ್ನುತ್ತಾರೆ. ಆಚೆ ಹಳ್ಳಿಯವರು ಕೊಳ್ಳೇಗಾಲದ ಕಡೆಗೆ ಬೆರಳು ತೋರಿಸುತ್ತಾರೆ. ಈ ಬೆರಳುಗಳ ನಡುವೆ ಜಿಪ್ ಹಾಕಿದ ಕಪ್ಪು ಬ್ಯಾಗು ಹಿಡಿದು ಓಡಾಡುತ್ತಿದ್ದೇನೆಂದು ಅವಳಿಗೆ ಹೊಳೆದಿರಲೇ ಇಲ್ಲ.

ಮಾರನೆಯ ಬೆಳಿಗ್ಗೆ ಹೋಗಿ ದೊಡ್ಡಮಾದಮ್ಮನ ಎದುರು ನಿಜ ಹೇಳಿದಳು. ನಿಜ ಸಾಕಾಗುತ್ತದೆಂದು ಆಗ ಅವಳಿಗೆ ನಂಬಿಕೆಯಿತ್ತು.

"ಕಸುದ್ ಬುಟ್ಟಿಗೆ ಆಕ್ಬುಟ್ಟೆ ದೊಡ್ಡವ್ವ. ನಮ್ಮನೆ ಬುಟ್ಟಿಗೆ. ಮಾದಪ್ಪನಾಣೆಗೂ."

"ಎಲ್ಲಿದ್ದದ್ದು ನಿಮ್ಮನೆ?"

"ಅನೂರಲ್ಲಿ."

"ಇಲ್ ನಮ್ ತಿಪ್ಪೆ ಇರ್ಲಿಲ್ವಾ?" ದೊಡ್ಡಮಾದಮ್ಮ ಗಲಾಟೆ ಮಾಡಲಿಲ್ಲ, ತಾಳ್ಮೆಯಿಂದಲೇ ಕೇಳಿದಳು. "ಕಸವ ಗಂಟಾಕಿ, ಬ್ಯಾಗಲ್ ಮಡಗಿ, ಜಿಪ್ ಎಳ್ದು, ಗಾಡಿ ಮ್ಯಾಲೆ ಅನೂರ್ ಗಂಟ ಒತ್ಕೊಂಡ್ ಓಗೋರ ಯಾರ್ನಾದ್ರೂ ಕಂಡಿದ್ದೀಯೇನವ್ವ ನೀನು?"

ರತ್ನ ಯೋಚಿಸಿದಳು. ಕಂಡಿರಲಿಲ್ಲ.

"ಅನ್ನೊಂದಿದ್ವು," ಎಂದಳು ಮುದುಕಿ. "ತಂದ್ಕೊಡು. ಆಮ್ಯಾಕೆ ಮಾತು."

ಸಂಜೆ ಗಂಡ ನಟರಾಜು ಪಂಪ್‌ಸೆಟ್ ಅಂಗಡಿಯ ಕೆಲಸ ಮುಗಿಸಿ ಬಂದು ಕಾಫಿ ಕುಡಿಯುತ್ತಿದ್ದ. ರತ್ನ ಅವನ ಮುಖವನ್ನೇ ನೋಡುತ್ತಾ ನಿಂತಳು. ಬಹಳ ದಿನಗಳ ಮೇಲೆ ಹೆಂಡತಿ ಹೀಗೆ ನೋಡುತ್ತಿದ್ದಾಳೆಂದು ಅವನು ಮೊದಲು ಸಂತೋಷಪಟ್ಟ. ನಟರಾಜುವಿನ ಹುಬ್ಬು ಅವರ ವಂಶದಲ್ಲೇ ದಟ್ಟ. ಅದರ ಬಗ್ಗೆ ಅವನಿಗೆ ಸ್ವಲ್ಪ ಜಂಬವೂ ಇತ್ತು.

"ರೀ, ಅನ್ನೊಂದೇ ಅನ್ನೊಂದು ಕೊಡಿ."

ವಿಷಯ ತಿಳಿದ ಮೇಲೆ ಅವನು ಕಾಫಿ ಲೋಟ ಕೆಳಗಿಟ್ಟ. "ಮಾದಸ್ವಾಮಿ ಕಟಿಂಗ್ ಶಾಪ್ನಲ್ಲಿ ಮೂಟೆಗಟ್ಲೆ ಬಿದ್ದಿರ್ತದೆ, ಓಗಿ ತಕಬಾ."

"ತಲೆ ಕೂದ್ಲಿಗೂ ಉಬ್ಬಿಗೂ ಯತ್ಯಾಸ ಗೊತ್ತಾಗಲ್ವಾ? ಅಲ್ದೆ ಮಾದಸ್ವಾಮಿ ಯಾಕೆ ಅಂತ ಕೇಳ್ತಾನೆ. ನಾಳೆ ಅನೂರಲ್ಲೂ ಸೆರಗು ಒದ್ಕೊತಾರೆ."

"ನಿಂದೇ ಕಿತ್ಕೊ ಮತ್ತೆ."

"ನಂದು ತಿದ್ದಿ ತಿದ್ದಿ ಗೆರೆ ಆಗೋಗದೆ. ಇನ್ನು ಕಿತ್ರೆ ನನ್ ಮುಖ ನೋಡಿ ಯಾರ್ ಐಬ್ರೋ ಮಾಡುಸ್ಕೊತಾರೆ?"

ವಾದದಲ್ಲಿ ನ್ಯಾಯವಿತ್ತು. ನಟರಾಜು ಗೋಡೆಗೊರಗಿ ಕಣ್ಣು ಮುಚ್ಚಿದ. ರತ್ನ ದಾರವನ್ನು ಹಲ್ಲಿನಲ್ಲಿ ಕಚ್ಚಿ ಹನ್ನೊಂದು ಎಣಿಸಿದಳು. ಅವನು ನಾಲ್ಕನೆಯದಕ್ಕೆ ಮಾದಪ್ಪನನ್ನೂ ಏಳನೆಯದಕ್ಕೆ ಅತ್ತೆಯನ್ನೂ ನೆನೆದ.

ಮಾರನೆಯ ದಿನ ದೊಡ್ಡಮಾದಮ್ಮ ರತ್ನ ತಂದ ಪೊಟ್ಟಣ ಬಿಚ್ಚಿ, ಒಂದು ಕೂದಲನ್ನು ಬೆಳಕಿಗೆ ಹಿಡಿದಳು. ಎಣಿಸಿದಳು. ಇನ್ನೊಮ್ಮೆ ಎಣಿಸಿದಳು. ಆಮೇಲೆ ಸೊಸೆಯ ಕಡೆ ತಿರುಗಿದಳು.

"ಇದು ನಿಂದೇಯಾ?"

"ನಂದೇ ಅತ್ತೆ," ಎಂದಳು ದೀಪ. ರೆಪ್ಪೆ ಕೂಡ ಆಡಲಿಲ್ಲ.

"ಇಷ್ಟ್ ದಪ್ಪಕ್ಕಿತ್ತಾ ನಿನ್ ಉಬ್ಬು?"

"ಅದ್ಕೇ ಅಲ್ವಾ ಅತ್ತೆ ತೆಗ್ಸಿದ್ದು."

ಮುದುಕಿ ಸೊಸೆಯನ್ನು ನೋಡಿದಳು, ರತ್ನಳನ್ನು ನೋಡಿದಳು, ಮತ್ತೆ ಕೂದಲನ್ನು ನೋಡಿದಳು. ಹನ್ನೊಂದು ಸರಿಯಾಗಿತ್ತು, ಅದರಾಚೆ ಹಿಡಿಯಲು ಅವಳಿಗೆ ಏನೂ ಸಿಗಲಿಲ್ಲ. ಉಪ್ಪು ಮೆಣಸಿನಕಾಯಿ ಜೊತೆ ಪೊಟ್ಟಣವನ್ನು ಸೊಸೆಗೆ ಮೂರು ಸುತ್ತು ನಿವಾಳಿಸಿ ಒಲೆಗೆ ಹಾಕಿದಳು. ಚಟಪಟ ಎಂದಿತು. ಎಮ್ಮೆ ಆ ಸಂಜೆ ಹಾಲು ಜಾಸ್ತಿ ಕೊಟ್ಟಿತು. ಅದಕ್ಕೆ ಅದೇ ದಿನ ಹಿಂಡಿ ಬದಲಾಯಿಸಿದ್ದರೆಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ತೊಂದರೆಯೆಂದರೆ ಉಳಿದ ಹನ್ನೆರಡು ಮನೆಯವರೂ ತಮ್ಮ ತಮ್ಮದನ್ನು ಕೇಳಿದರು. ಇವರು ಎಣಿಸಿರಲಿಲ್ಲ, ಹಾಗಾಗಿ ಉದಾರವಾಗಿ ನಿರೀಕ್ಷಿಸುತ್ತಿದ್ದರು. ತಲೆಗೂದಲಿನ ತುದಿ ಕತ್ತರಿಸಿಕೊಂಡಿದ್ದವರಿಗಾಗಿ ರತ್ನ ತನ್ನ ಜಡೆಯನ್ನೇ ಗೇಣುದ್ದ ಕಳೆದುಕೊಂಡಳು. ಹುಬ್ಬಿನ ಬಾಬ್ತು ಪೂರ್ತಿ ನಟರಾಜುವಿನ ಮೇಲೆ ಬಿತ್ತು. ಆರನೆಯ ಮನೆಗೆ ಅವನ ಬಲಹುಬ್ಬು ಮುಗಿಯಿತು. ಎಡದ್ದು ಹನ್ನೊಂದನೆಯದರವರೆಗೆ ಬಂತು. ಹನ್ನೆರಡನೆಯದಕ್ಕೆ ಮೀಸೆಯ ತುದಿ ಹೊಂದಿಸಬೇಕಾಯಿತು. ಅಂಗಡಿಯಲ್ಲಿ ಕೇಳಿದವರಿಗೆಲ್ಲ ವೆಲ್ಡಿಂಗ್ ಕಿಡಿ ಹಾರಿತು ಎನ್ನುತ್ತಿದ್ದ. ಅಂಗಡಿಯಲ್ಲಿ ವೆಲ್ಡಿಂಗ್ ಯಂತ್ರವಿರಲಿಲ್ಲ.

ಅಂದಿನಿಂದ ರತ್ನ ಮೇಡಂನ ಪಾಠವನ್ನು ತಲೆಕೆಳಗು ಮಾಡಿದಳು. ಉದುರಿದ್ದನ್ನು ಗುಡಿಸಿ, ಎಣಿಸಿ, ಕಾಗದದಲ್ಲಿ ಮಡಿಸಿ, ಮನೆಯ ಹಿರಿಯ ಹೆಂಗಸಿನ ಕೈಗೇ ಕೊಡುತ್ತಾಳೆ; ಹೊರಡುವಾಗ ಬ್ಯಾಗಿನ ಜಿಪ್ಪು ತೆಗೆದು ಒಳಗನ್ನು ತೋರಿಸುತ್ತಾಳೆ. ಚೆಕ್‌ಪೋಸ್ಟಿನಲ್ಲಿ ಬ್ಯಾಗು ತಪಾಸಣೆಗೆ ಒಪ್ಪಿಸಿದ ಹಾಗೆ. ಹೆಂಗಸರು ನಾಚಿಕೆಯಿಲ್ಲದೆ ಇಣುಕಿ ನೋಡುತ್ತಾರೆ.

ಅನುಮಾನ ಅಲ್ಲಿಗೆ ಸಾಯಲಿಲ್ಲ. ಬಸ್ಸು ಹತ್ತಿ ಬೇರೆ ಕಡೆ ಹೋಯಿತು. "ರತ್ನ ಎಣ್ಸಿ ಕೊಡ್ತಾಳೆ ಕಣಮ್ಮಿ. ಆ ಕೊಳ್ಳೇಗಾಲದ್ ಪಾರ್ಲರ್ನೋರು ಗುಡ್ಸಿ ಒಳೀಕ್ ತಕಂಡ್ ಓಯ್ತಾರಲ್ಲ, ಏನ್ ಮಾಡ್ತಾರೆ ಅಂತೀಯ?" ಎಂಬ ಪ್ರಶ್ನೆ ಮೊದಲು ಕವಿತಳ ಅಂಗಡಿಯಲ್ಲಿ ಎದ್ದಿತು, ಆಮೇಲೆ ಹನೂರಿನ ಸಂತೆಯಲ್ಲಿ ಕೇಳಿಬಂತು. ಒಡೆಯರಪಾಳ್ಯದ ಕಡೆಯಿಂದಲೂ ರತ್ನಳಿಗೆ ಫೋನು ಬರತೊಡಗಿದವು. ಬೇಡದವಳಂತೆ ಇದ್ದ ಕವಿತ ಒಂದು ದಿನ ತಾನೇ ಕುರ್ಚಿ ಎಳೆದುಕೊಂಡು ಕೂತು, ಕೈಕೈ ಹಿಡಿದಿದ್ದ ಎರಡು ಹುಬ್ಬುಗಳನ್ನು ಬಿಡಿಸಿಕೊಂಡಳು. ಕಾಗದ ಸಾಲದೆ ಕ್ಯಾರಿಬ್ಯಾಗು ಹುಡುಕಬೇಕಾಯಿತು.

ಯುಗಾದಿಗೆ ನಾಲ್ಕು ದಿನವಿದ್ದಾಗ ಕೊಳ್ಳೇಗಾಲದ ಮೇಡಂ ಫೋನು ಮಾಡಿದಳು. ಈ ಸಲ ನಗು ಇರಲಿಲ್ಲ.

"ರತ್ನ, ನನ್ ಗಿರಾಕಿಗಳೆಲ್ಲ ಕೂದಲು ಕಟ್ಟಿ ಕೊಡಿ ಅಂತ ಕೂತವ್ರೆ. ಒಬ್ಬಳು ಕಸದ ಡಬ್ಬಿಗೇ ಕೈ ಹಾಕಿ ನೋಡಿದ್ಲು. ಇದು ನಿಮ್ ಕಡೆಯಿಂದ ಬಂದಿದ್ದು ಅಂತಾರೆ. ಯಾರು ಹಬ್ಬಿಸಿದ್ದು?"

ರತ್ನ ದೊಡ್ಡಮಾದಮ್ಮನ ಮನೆಯ ಬಾಗಿಲಲ್ಲಿ ನಿಂತಿದ್ದಳು. ಒಳಗೆ ದೀಪ ಮುಖ ತೊಳೆದು ಕಾಯುತ್ತಿದ್ದಳು.

"ನಂಗೇನು ಗೊತ್ತು ಮೇಡಂ," ಎಂದಳು. ಎದುರಿಗೆ ಎಲೆಯಡಿಕೆ ಮೆಲ್ಲುತ್ತಿದ್ದ ಮುದುಕಿ ಅವಳನ್ನು ಓರೆಗಣ್ಣಿನಲ್ಲಿ ನೋಡಿ, ಎಣಿಸುವುದಕ್ಕೆ ಅನುಕೂಲವಾಗುವಂತೆ ಸ್ವಲ್ಪ ಹತ್ತಿರ ಸರಿದು ಕೂತಳು.

ಯುಗಾದಿಯ ದಿನಕ್ಕೆ ರತ್ನಳಿಗೆ ಮೂವತ್ತೊಂದು ಖಾಯಂ ಮನೆಗಳಾಗಿದ್ದವು. ಕೊಳ್ಳೇಗಾಲದ ಕುರ್ಚಿಗೆ ಬೇರೆಯವರು ಬಂದರು. ನಟರಾಜುವಿನ ಬಲಹುಬ್ಬು ಇನ್ನೂ ಪೂರ್ತಿ ಬಂದಿರಲಿಲ್ಲ.