ಹತ್ತೊಂಬತ್ತನೇ ಸಾಲು

ನಮ್ಮ ಹೆದ್ದಾರಿ ಕಾಮಗಾರಿಗೆ ಸುರಕ್ಷತೆಯ ತಪಾಸಣೆಯವರು ಮೂವರೇ. ಕೆಲಸ ನಡೆಯುವ ಜಾಗ ಇಪ್ಪತ್ತಾರು. ಎಲ್ಲ ಕಡೆಗೂ ಹೋಗುತ್ತೇವೆ ಅನ್ನುವುದು ಬರೀ ಬಾಯಿಮಾತು. ಅದಕ್ಕೇ ನಾನೊಂದು ಪಟ್ಟಿ ಮಾಡಿದ್ದೆ. ಎಷ್ಟು ಎತ್ತರ, ಎಷ್ಟು ಆಳ, ಕ್ರೇನ್ ಇದೆಯೋ ಇಲ್ಲವೋ, ಕಳೆದ ನಾಲ್ಕು ತಿಂಗಳ ತಪಾಸಣೆಯಲ್ಲಿ ಎಷ್ಟು ತಪ್ಪು ಸಿಕ್ಕಿವೆ, ಒಂದೊಂದಕ್ಕೂ ಅಂಕ. ಅಂಕ ಹೆಚ್ಚಿದ್ದ ಕಡೆಗೆ ಮೊದಲು ಹೋಗುವುದು. ಹಿಂದೆಲ್ಲ ಯಾರ ಫೋನು ಜೋರೋ ಅವರ ಕಡೆ ಜೀಪು ಓಡುತ್ತಿತ್ತು. ಅದನ್ನು ನಿಲ್ಲಿಸಿದವಳು ನಾನು ಅಂತ ಸ್ವಲ್ಪ ಜಂಬವೇ ಇತ್ತು ಅನ್ನಿ. ಸೋಮವಾರ ಬೆಳಿಗ್ಗೆ ನಾನು ಗೋಡೆಗೆ ಅಂಟಿಸಿದ ಪಟ್ಟಿಯನ್ನು ಮೇಲಧಿಕಾರಿಯೂ ಮುಟ್ಟುತ್ತಿರಲಿಲ್ಲ.

ಅಕ್ಕನ ಗಂಡ ಅದೇ ರಸ್ತೆಯಲ್ಲಿ ಮೇಸ್ತ್ರಿ. ಚರಂಡಿಯ ಕೊಳವೆ ಹಾಕಲು ಅಗೆದ ಎರಡಾಳು ಆಳದ ಕಂದಕದಲ್ಲಿ ಅವರ ಕೆಲಸ. ಊಟಕ್ಕೆ ಕೂತರೆ ಉಪ್ಪು ಬೇಕು ಅನ್ನುವುದಕ್ಕೂ ಹಿಂದೆಮುಂದೆ ನೋಡುವ ಮನುಷ್ಯ. ಒಂದು ಭಾನುವಾರ ಅವರ ಮನೆಗೆ ಹೋಗಿದ್ದೆ. ಹೊರಟಾಗ ಅಕ್ಕ ಒಳಗೆ ಪಾತ್ರೆ ತೊಳೆಯುತ್ತಿದ್ದಳು, ಭಾವ ಬಾಗಿಲವರೆಗೆ ಬಂದರು. ಐದು ತಿಂಗಳಿಂದ ನಿಮ್ಮವರು ನಮ್ಮ ಕಡೆ ತಲೆ ಹಾಕಿಲ್ಲವಲ್ಲ ಅಂದರು. ನಾವು ಯಾರ ಕಡೆ ಬರುವುದಿಲ್ಲವೋ ಅವರೇ ಪುಣ್ಯವಂತರು ಅಂತ ನಾನು ತಮಾಷೆ ಮಾಡಿದೆ. ಅವರು ನಗಲಿಲ್ಲ.

"ಮಣ್ಣು ಸಡಿಲ ಆಗಿದೆಯಮ್ಮ. ಗೋಡೆಗೆ ಆಸರೆ ಕೊಟ್ಟಿದ್ದ ಹಲಗೆನೆಲ್ಲ ಕಿತ್ತು ಸೇತುವೆ ಕೆಲಸಕ್ಕೆ ಒಯ್ದಿದ್ದಾರೆ. ಒಂದ್ಸಲ ಯಾರನ್ನಾದ್ರೂ ಕಳ್ಸು."

ಬರೆದು ಕೊಡಿ ಅಂದೆ. ಬರೆದರೆ ಗುತ್ತಿಗೆದಾರ ಮಾರನೇ ದಿನವೇ ಮನೆಗೆ ಕಳಿಸುತ್ತಾನೆ ಅಂದರು. ಅದೂ ಸುಳ್ಳಲ್ಲ.

"ಸರದಿ ಬರ್ಲಿ ಭಾವ. ನಮ್ಮೋರು ಅಂತ ಮೇಲೆ ಹಾಕೋಕಾಗಲ್ಲ," ಅಂದೆ. ಅವರು ತಲೆಯಾಡಿಸಿ ಒಳಗೆ ಹೋದರು.

ಮರುದಿನ ಪಟ್ಟಿಯಲ್ಲಿ ಆ ಕಂದಕ ಹತ್ತೊಂಬತ್ತನೇ ಸಾಲಿನಲ್ಲಿತ್ತು. ಆಳಕ್ಕೆ ಅಂಕ ಚೆನ್ನಾಗಿಯೇ ಸಿಕ್ಕಿತ್ತು, ಸಿಕ್ಕ ತಪ್ಪುಗಳ ಕಡೆ ಸೊನ್ನೆ. ಆ ಸಾಲನ್ನು ಮೇಲಕ್ಕೆ ಎಳೆಯಲು ಎಷ್ಟು ಹೊತ್ತು ಬೇಕು? ಆದರೆ ಭಾವನಿಗೋಸ್ಕರ ಪಟ್ಟಿ ತಿದ್ದಿದಳು ಅಂತ ಆಡಿಕೊಳ್ಳುತ್ತಾರೆ ಅನ್ನಿಸಿತು. ಇದ್ದ ಹಾಗೇ ಅಂಟಿಸಿದೆ.

ಗುರುವಾರ ಬೆಳಿಗ್ಗೆ ಕಂದಕದ ಒಂದು ಬದಿ ಕುಸಿಯಿತು. ಒಳಗೆ ಇಬ್ಬರಿದ್ದರು. ಒಬ್ಬನನ್ನು ಜೀವಸಹಿತ ಹೊರಗೆಳೆದರು. ಭಾವನನ್ನು ಮೇಲೆ ತರುವಷ್ಟರಲ್ಲಿ ಉಸಿರು ನಿಂತಿತ್ತು.

ಪಟ್ಟಿಯ ಪ್ರಕಾರವೇ ನಡೆದುಕೊಂಡಿದ್ದೀರಿ, ಬರೆದ ದೂರೂ ಇಲ್ಲ, ನಿಮ್ಮ ಮೇಲೆ ಏನೂ ಬರುವುದಿಲ್ಲ ಎಂದು ಮೇಲಧಿಕಾರಿ ಧೈರ್ಯ ಹೇಳಿದರು. ನಾನು ಆ ಸೊನ್ನೆಯನ್ನೇ ನೋಡುತ್ತ ಕೂತೆ. ಅಲ್ಲಿ ತಪ್ಪು ಸಿಕ್ಕಿಲ್ಲ, ನಿಜ. ಹುಡುಕಲು ಹೋದವರಾದರೂ ಯಾರು? ನಾವು ಹೋಗಲಿಲ್ಲ ಅಂತ ಸೊನ್ನೆ, ಸೊನ್ನೆ ಇದೆ ಅಂತ ಮತ್ತೆ ಹೋಗಲಿಲ್ಲ. ಇಷ್ಟು ಸಣ್ಣ ವಿಷಯ ನನ್ನ ಮಂಡೆಗೆ ಹೊಳೆಯಬೇಕಾದರೆ ಭಾವ ಸಾಯಬೇಕಾಯಿತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಸಂಜೆ ಅಕ್ಕನ ಪಕ್ಕ ಕೂತಿದ್ದೆ. ಅತ್ತೂ ಅತ್ತೂ ಅವಳ ದನಿ ಬಿದ್ದುಹೋಗಿತ್ತು. ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

"ನಿನ್ನ ಹತ್ರ ಒಂದ್ ಮಾತು ಹೇಳಿದ್ರೆ ಸಾಕಿತ್ತು ಕಣೇ. ನೀನು ಸುಮ್ನಿರ್ತಿದ್ಯಾ? ಬಾಯಿಬಿಟ್ಟು ಕೇಳೋಕೆ ಅವರಿಗೆ ಯಾವಾಗ್ಲೂ ಸಂಕೋಚ."

ಹೂಂ ಅಂದಿದ್ದರೆ ಅಲ್ಲಿಗೇ ಮುಗಿದುಹೋಗುತ್ತಿತ್ತು. ಗೊತ್ತಿದ್ದವಳು ಇನ್ನು ನಾನೊಬ್ಬಳೇ. ಆದರೆ ಹೋದವರ ತಲೆಗೆ ಈ ಸಂಕೋಚವನ್ನೂ ಕಟ್ಟಲು ನನಗೆ ಬಾಯಿ ಬರಲಿಲ್ಲ.

"ಹೇಳಿದ್ರು ಅಕ್ಕ," ಅಂದೆ. "ಭಾನುವಾರ, ಬಾಗಿಲಲ್ಲಿ ನಿಂತು ಹೇಳಿದ್ರು. ನಾನೇ ಸರದಿ ಬರ್ಲಿ ಅಂದೆ."

ಅಕ್ಕ ನನ್ನ ಕೈಯನ್ನು ಬಿಟ್ಟಳು.