ಕಾಲರ್ ಹೊಲಿಯುವವಳ ಮನೆಯ ಮಿಷನ್ನು

ನಾನು ಕಾಲಿನಿಂದ ತುಳಿಯುವ ಒಂದು ಹೊಲಿಗೆ ಮಿಷನ್ನು. ಉತ್ತರದ ಕಡೆಯ ಒಂದು ಊರಿನಲ್ಲಿ, ಕರಗಿದ ಕಬ್ಬಿಣವನ್ನು ಮರಳಿನ ಅಚ್ಚಿಗೆ ಸುರಿದಾಗ ನನ್ನ ತಲೆ ಹುಟ್ಟಿತು. ಕಾಲು, ಚಕ್ರ, ಮರದ ಹಲಗೆ ಬೇರೆ ಬೇರೆ ಕಡೆ ಹುಟ್ಟಿ ಆಮೇಲೆ ಬಂದು ಸೇರಿಕೊಂಡವು. ಮೈಗೆ ಕಪ್ಪು ಬಣ್ಣ ಬಳಿದು, ಹೆಗಲ ಮೇಲೆ ಹಳದಿ ಹೂಬಳ್ಳಿ ಅಂಟಿಸಿ, ಒಂದು ಚಿಂದಿಯ ಮೇಲೆ ಹೊಲಿಸಿ ನೋಡಿ ಲಾರಿ ಹತ್ತಿಸಿದರು. ಯಾವುದೋ ಪೇಟೆಯ ದರ್ಜಿಯ ಅಂಗಡಿಗೆ ಹೋಗುತ್ತೇನೆ ಎಂದುಕೊಂಡಿದ್ದೆ.

ಇಳಿಸಿದ್ದು ಮದ್ದೂರಿನ ಒಂದು ಕಲ್ಯಾಣಮಂಟಪದಲ್ಲಿ. ಅಲ್ಲಿ ನನ್ನಂಥವು ಸಾಲಾಗಿ ನಿಂತಿದ್ದವು. ಒಂದೊಂದಕ್ಕೂ ಒಂದು ಚೆಂಡುಹೂವಿನ ಹಾರ. ನನ್ನ ಹಲಗೆಯ ಅಂಚಿನಲ್ಲಿ ಬಿಳಿ ಬಣ್ಣದಲ್ಲಿ ಬರೆದಿದ್ದರು: 'ಸರ್ಕಾರದ ಕೊಡುಗೆ, ಮಾರಾಟಕ್ಕಲ್ಲ.' ಪಾಲಾಕ್ಷಪ್ಪ ಎಂಬ ಅಧಿಕಾರಿ ಮೈಕಿನ ಮುಂದೆ ನಿಂತು ಹೇಳಿದರು.

"ಈ ತಾಯಂದಿರು ಹೊಲಿದ ಅಂಗಿಗಳು ಹಡಗು ಹತ್ತಿ ಹೊರದೇಶಕ್ಕೆ ಹೋಗುತ್ತಿದ್ದವು. ಈಗ ಅದೇ ಅಂಗಿಯನ್ನು ಇನ್ನೊಂದು ದೇಶದವರು ಇನ್ನೂ ಅಗ್ಗಕ್ಕೆ ಹೊಲಿದು ಕೊಡುತ್ತಿದ್ದಾರೆ. ಅದಕ್ಕೇ ಇಲ್ಲಿನ ಕಾರ್ಖಾನೆ ಮುಚ್ಚಿತು. ಕೆಲಸ ಹೋದರೇನು, ಕೈಯಲ್ಲಿ ಕಸುಬಿದೆ. ಆ ಕಸುಬಿಗೆ ಸರ್ಕಾರ ಒಂದೊಂದು ಮಿಷನ್ನು ಕೊಡುತ್ತಿದೆ."

ಚಪ್ಪಾಳೆ ಬಿತ್ತು. ಹೊರದೇಶದವರು ತೊಡುವ ಅಂಗಿ ಹೊಲಿದ ಕೈಗೆ ಬೀಳುತ್ತಿದ್ದೇನೆಂದು ನನಗೂ ಹೆಮ್ಮೆಯಾಯಿತು.

ಆ ಕೈ ಜಯಶೀಲಳದು. ಗಂಡ ತೀರಿಕೊಂಡವಳು. ಹೈಸ್ಕೂಲಿಗೆ ಹೋಗುವ ಒಬ್ಬಳೇ ಮಗಳು. ಕಾರ್ಖಾನೆಯ ಗೇಟಿಗೆ ಬೀಗ ಬಿದ್ದ ದಿನವೂ ಎಂದಿನಂತೆ ಊಟದ ಡಬ್ಬಿ ಹಿಡಿದುಕೊಂಡು ಹೋಗಿದ್ದಳಂತೆ. ಗೇಟಿನ ಹೊರಗೇ ಕೂತು ಆ ಅನ್ನ ತಿಂದು ಮನೆಗೆ ಬಂದಿದ್ದಳಂತೆ. ಇನ್ನು ಮುಂದೆ ನಾನು ತಿರುಗಿದರೆ ಆ ಮನೆಯ ಒಲೆ ಉರಿಯಬೇಕು. ಇದು ನನಗೆ ಮೊದಲ ದಿನವೇ ಅರ್ಥವಾಯಿತು.

ಅವಳು ನನ್ನನ್ನು ತನ್ನ ಹಳ್ಳಿಯ ಮನೆಗೆ ತಂದು, ಮುಂದೆ ಕೂತು ತುಳಿಹಲಗೆಯನ್ನು ಒಮ್ಮೆಲೇ ಅಮುಕಿದಳು. ನನ್ನ ಚಕ್ರ ಹಿಂದಕ್ಕೆ ತಿರುಗಿ ದಾರ ಗಂಟಾಯಿತು. ಇನ್ನೊಮ್ಮೆ ಅಮುಕಿದಳು, ಇನ್ನೊಂದು ಗಂಟು.

"ಇದ್ಯಾಕೆ ಮೊಂಡು ಎಮ್ಮೆ ತರ ಹಿಂದಕ್ಕೆ ಹೋಯ್ತದೆ?" ಎಂದು ನನ್ನನ್ನೇ ಬೈದಳು.

ನಾನು ಬೆಚ್ಚಿದೆ. ಆಮೇಲೆ ಗೊತ್ತಾಯಿತು, ಕಾರ್ಖಾನೆಯಲ್ಲಿ ಅವಳು ಕೂರುತ್ತಿದ್ದದ್ದು ಕರೆಂಟಿನ ಮಿಷನ್ನಿಗೆ. ಅದನ್ನು ಅಮುಕಿದರೆ ಸಾಕು, ತಾನೇ ಓಡುತ್ತದೆ. ನನಗಾದರೆ ಮೊದಲು ಕೈಯಿಂದ ಚಕ್ರ ತಿರುವಿ, ಆಮೇಲೆ ಪಾದದ ಮುಂದಕ್ಕೂ ಹಿಮ್ಮಡಿಗೂ ಭಾರ ಬದಲಿಸುತ್ತಾ ತೊಟ್ಟಿಲಂತೆ ತೂಗಬೇಕು. ಕೆಲವು ದಿನಕ್ಕೆ ಅದು ಬಂತು. ಇದಕ್ಕಿಂತ ದೊಡ್ಡ ಆಘಾತ ಮುಂದೆ ಕಾದಿತ್ತು.

ಎದುರು ಮನೆಯ ಕೆಂಪಾಜಮ್ಮ ಒಂದು ರೇಷ್ಮೆಯ ರವಿಕೆ ಕಣ ಹಿಡಿದು ಬಂದಳು. "ಜಯಶೀಲ, ನನ್ ಮಗಳು ಧಾರೆಗೆ ಉಡೋ ಸೀರೇದು. ರವಿಕೆ ಹೊಲ್ಕೊಡವ್ವ. ಮನೆ ಮುಂದ್ಲೇ ಫಾರಿನ್ ಟೈಲರ್ ಇರೋವಾಗ ಪ್ಯಾಟೆಗ್ಯಾಕೆ ಹೋಗಾದು."

ಜಯಶೀಲ ಇಲ್ಲವೆನ್ನಲಾರದೆ ಇಸಿದುಕೊಂಡಳು. ಬಾಗಿಲು ಹಾಕಿ ಬಟ್ಟೆಯನ್ನು ನನ್ನ ಹಲಗೆಯ ಮೇಲೆ ಹರಡಿದಳು. ಕತ್ತರಿ ತೆರೆದಳು. ಮುಚ್ಚಿದಳು. ಬಟ್ಟೆಯನ್ನು ಈ ಕಡೆ ತಿರುಗಿಸಿದಳು, ಆ ಕಡೆ ತಿರುಗಿಸಿದಳು. ಕೊನೆಗೆ ಬಂದಂತೆಯೇ ಮಡಿಸಿ ಎದುರು ಮನೆಯ ಜಗುಲಿಗೆ ನಡೆದಳು. ಹೋಗುವಾಗ ಬಾಗಿಲು ತೆರೆದೇ ಬಿಟ್ಟಿದ್ದರಿಂದ ನನಗೆಲ್ಲ ಕೇಳಿಸಿತು.

"ನಂಗೆ ಬರಾಕಿಲ್ಲ ಕನತ್ತೆ."

"ಏನು ಬರಾಕಿಲ್ಲ?"

"ರವಿಕೆ."

"ಅಂಗಾರೆ ಲಂಗ ಹೊಲಿ."

"ಅದೂ ಬರಾಕಿಲ್ಲ."

"ಮತ್ತೆ ಇಷ್ಟು ವರ್ಸ ಫ್ಯಾಕ್ಟ್ರೀಲಿ ಏನ್ ಮಾಡ್ತಿದ್ದೆ, ಕಸ ಗುಡುಸ್ತಿದ್ದ್ಯಾ?"

"ಕಾಲರ್ ಕೂರುಸ್ತಿದ್ದೆ."

"ಆಮೇಲೆ?"

"ಆಮೇಲೆ ಇನ್ನೊಂದು ಕಾಲರ್."

ಕೆಂಪಾಜಮ್ಮ ಬಾಯಿ ತೆರೆದವಳು ಮುಚ್ಚಲಿಲ್ಲ. ನನಗೆ ಬಾಯಿಲ್ಲ, ಇದ್ದಿದ್ದರೆ ನಾನೂ ಮುಚ್ಚುತ್ತಿರಲಿಲ್ಲ. ಮದುವೆಯಾಗಿ ಬಂದ ವರ್ಷದಿಂದ ಹೊಲಿದವಳಿಗೆ ಒಂದು ಬಟ್ಟೆ ಹೊಲಿಯಲು ಬಾರದು! ಕಾರ್ಖಾನೆಯಲ್ಲಿ ಹೆಂಗಸರು ಸಾಲಾಗಿ ಕೂರುತ್ತಾರೆ. ಒಬ್ಬಳು ಕಾಲರ್, ಒಬ್ಬಳು ತೋಳು, ಒಬ್ಬಳು ಜೇಬು. ಅಂಗಿ ಕೈಯಿಂದ ಕೈಗೆ ಹೋಗುತ್ತದೆ. ಮೊದಲ ತುಂಡು ಕತ್ತರಿಸಿದವಳು ಕೊನೆಯ ಗುಂಡಿಯನ್ನು ಕಾಣುವುದಿಲ್ಲ. ನನ್ನನ್ನು ಕೊಟ್ಟ ಸರ್ಕಾರಕ್ಕೆ ಇದು ಗೊತ್ತಿರಲಿಲ್ಲ. 'ಕೈಯಲ್ಲಿ ಕಸುಬಿದೆ' ಎಂದಿದ್ದರು. ಇದ್ದದ್ದು ಕಸುಬಿನ ಒಂದು ಚೂರು. ಆ ಚೂರೋ, ಕೂದಲೆಳೆಯಷ್ಟೂ ತಪ್ಪಿಲ್ಲದ್ದು.

ಆ ವಾರ ಅವಳ ಜೊತೆ ಕೆಲಸ ಮಾಡಿದ್ದ ಇಬ್ಬರು ಬಂದರು. ನೂರ್‌ಜಾನ್ ಅದೇ ಊರಿನವಳು, ತೋಳು ಕೂರಿಸಿ ಪಕ್ಕ ಹೊಲಿಯುತ್ತಿದ್ದವಳು. ದೇವೀರಮ್ಮ ಇಬ್ಬರಿಗಿಂತ ಹಿರಿಯಳು, ಮೊದಲು ಬಟ್ಟೆ ಕತ್ತರಿಸುವ ಕಡೆ ಇದ್ದು ಆಮೇಲೆ ಕಾಜಾ ಗುಂಡಿಗೆ ಬಂದವಳು. ಇಬ್ಬರಿಗೂ ಒಂದೊಂದು ಮಿಷನ್ನು ಸಿಕ್ಕಿತ್ತು. ಇಬ್ಬರ ಪಾಡೂ ಇದೇ.

"ನನ್ ಗಂಡ ಪೈಜಾಮ ಹೊಲಿ ಅಂದ," ಎಂದಳು ನೂರ್‌ಜಾನ್. "ಎರಡು ತೋಳು ಹೊಲ್ದು ಕೊಟ್ಟಿವ್ನಿ, ಕಾಲಿಗೆ ಹಾಕ್ಕೊ ಅಂತ."

ಮೂವರೂ ನಕ್ಕರು. ನಕ್ಕು ಮುಗಿದ ಮೇಲೆ ದೇವೀರಮ್ಮ, "ಮೂರ್ ಜನಾನೂ ಸೇರುದ್ರೆ ಒಂದ್ ಅಂಗಿ ಆಯ್ತದೆ ಕನ್ರೆ," ಎಂದಳು.

ಮರುದಿನವೇ ಅವರ ಮಿಷನ್ನುಗಳು ಕೈಗಾಡಿಯಲ್ಲಿ ಬಂದು ನನ್ನ ಪಕ್ಕ ನಿಂತವು. ಊರಿನ ಜವರಪ್ಪ ಮೊದಲ ಗಿರಾಕಿ. ಬಿಳಿ ಅಂಗಿ ಹೊಲಿದರು. ಜವರಪ್ಪ ತೊಟ್ಟು, ಕೈ ಮೇಲೆತ್ತಿ ಇಳಿಸಿ, ಎದೆ ತಡವಿಕೊಂಡ.

"ಜೇಬೆಲ್ಲವ್ವ? ಎಲೆ ಅಡ್ಕೆ ನಾನೇನ್ ಕಂಕುಳಲ್ಲಿ ಮಡಿಕ್ಕೊಳ್ಳಾದಾ?"

ಮೂವರೂ ಮುಖ ಮುಖ ನೋಡಿಕೊಂಡರು. ಜೇಬು ಹೊಲಿಯುತ್ತಿದ್ದ ಕಮಲಾಕ್ಷಿ, ಕಾರ್ಖಾನೆ ಮುಚ್ಚಿದ ಮೇಲೆ ತಿರುಪ್ಪೂರಿಗೆ ಹೊರಟುಹೋಗಿದ್ದಳು. ಅಂಗಿಗೆ ಜೇಬು ಬೇಕೆಂಬುದೇ ಇವರ ಕೈಗಳಿಗೆ ಹೊಳೆದಿರಲಿಲ್ಲ. ಕೊನೆಗೆ ಜವರಪ್ಪನ ಹಳೆಯ ಅಂಗಿಯ ಜೇಬನ್ನು ಬಿಚ್ಚಿ, ಮಡಿಕೆ ಎಲ್ಲೆಲ್ಲಿ ಬಿದ್ದಿದೆ ಎಂದು ನೋಡಿ ನೋಡಿ ಮೂವರೂ ಕಲಿತರು. ಮೊದಮೊದಲ ಜೇಬುಗಳು ಸ್ವಲ್ಪ ಸೊಟ್ಟ ಬಂದವು. ಎಲೆ ಅಡಿಕೆಗೆ ಅದು ಅಡ್ಡಿಯಾಗಲಿಲ್ಲ.

ಅಂಗಿಗಳು ಬರತೊಡಗಿದವು. ರವಿಕೆ ಮಾತ್ರ ಇಲ್ಲ. "ನಮ್ಮೂರ ಟೈಲರಮ್ಮಂದ್ರು ಗಂಡಸ್ರಿಗ್ ಮಾತ್ರ ಕನವ್ವ," ಎಂದು ಕೆಂಪಾಜಮ್ಮ ಊರಿಗೆಲ್ಲ ಸಾರಿದಳು. ಆದರೂ ಒಲೆ ಉರಿಯಿತು, ಮಗಳ ಶಾಲೆ ನಡೆಯಿತು.

ಆಗ ಪಾಲಾಕ್ಷಪ್ಪನವರು ತಪಾಸಣೆಗೆ ಬಂದರು. ಮೂರು ಮಿಷನ್ನು ಒಂದೇ ಮನೆಯಲ್ಲಿ ಕಂಡು ಅವರ ಮುಖ ಬಿಳುಪಾಯಿತು.

"ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ಇರಬೇಕು. ಇದು ಸ್ವಂತ ಉದ್ಯೋಗದ ಯೋಜನೆ ಕಣ್ರಮ್ಮ. ಇದೇನು, ನೀವೇ ಒಂದು ಫ್ಯಾಕ್ಟರಿ ಮಾಡಿಬಿಟ್ಟಿದ್ದೀರಲ್ಲ."

"ಒಬ್ಬೊಬ್ರಿಗೆ ಅಂಗಿ ಬರಾಕಿಲ್ಲ ಸಾ," ಎಂದಳು ಜಯಶೀಲ.

"ತಮಾಷೆ ಮಾಡ್ತೀರಾ? ಅಷ್ಟು ವರ್ಷ ಹೊಲಿದವರು ನೀವು."

ಎಷ್ಟು ಹೇಳಿದರೂ ಅವರು ನಂಬಲಿಲ್ಲ. ಕೆಟ್ಟ ಮನುಷ್ಯರಲ್ಲ, ಮೇಲಿನವರು ಕೇಳಿದರೆ ಏನು ಹೇಳುವುದೆಂಬ ಭಯ. ಬೇರೆ ಮನೆಯಿಂದ ಬಂದ ಎರಡು ಮಿಷನ್ನುಗಳನ್ನು ಟೆಂಪೋ ತರಿಸಿ ಹೇರಿಸಿದರು. ನೂರ್‌ಜಾನ್ ತನ್ನ ಮಿಷನ್ನಿನ ಚಕ್ರವನ್ನು ಹಿಡಿದುಕೊಂಡೇ ರಸ್ತೆಯವರೆಗೆ ಹೋದಳು. ಕೆಲಸ ಕಳೆದುಕೊಂಡವರಿಗೆ ಕೊಟ್ಟದ್ದನ್ನು ಅವರು ಕೆಲಸ ಹುಟ್ಟಿಸಿಕೊಂಡದ್ದಕ್ಕೆ ಕಿತ್ತುಕೊಂಡರು.

ಹೊರಡುವಾಗ ಪಾಲಾಕ್ಷಪ್ಪನವರು ಜಯಶೀಲಳಿಗೆ ಹೇಳಿದರು: "ನಿಮ್ಮದು ನಿಮ್ಮ ಮನೆಯಲ್ಲೇ ಇದೆ, ಬಿಟ್ಟಿದ್ದೇನೆ. ಮುಂದಿನ ಸಲ ಬಂದಾಗ ನನ್ನ ಕಣ್ಣೆದುರು ನೀವೊಬ್ಬರೇ ಇಡೀ ಬಟ್ಟೆ ಹೊಲಿದು ತೋರಿಸಬೇಕು. ಆಗಲಿಲ್ಲವೋ, ಇದೂ ಹೋಗುತ್ತದೆ."

ಮೂವರಿಗೆ ಉಳಿದದ್ದು ನಾನೊಬ್ಬನೇ. ಕಾರ್ಖಾನೆಯಲ್ಲಿ ಹೆಂಗಸರು ಕೂತಲ್ಲೇ ಇರುತ್ತಿದ್ದರು, ಅಂಗಿ ಮುಂದೆ ಹೋಗುತ್ತಿತ್ತು. ಈಗ ಅಂಗಿ ನನ್ನ ಸೂಜಿಯ ಕೆಳಗೇ ಇರುತ್ತಿತ್ತು, ಹೆಂಗಸರು ಎದ್ದು ಕೂರುತ್ತಿದ್ದರು. ದೇವೀರಮ್ಮ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ನಾಲಿಗೆಯ ತುದಿ ಹಲ್ಲಲ್ಲಿ ಕಚ್ಚಿ ಬಟ್ಟೆ ಕತ್ತರಿಸುವಳು. ಜಯಶೀಲ ಕಾಲರ್ ಕೂರಿಸಿ ಏಳುವಳು. ನೂರ್‌ಜಾನ್ ಸೆರಗನ್ನು ತಲೆಗೆಳೆದುಕೊಂಡು ಕೂತು, ಗುಬ್ಬಿ ಕುಪ್ಪಳಿಸಿದಂತೆ ತುಳಿದು ತೋಳು ಮುಗಿಸುವಳು. ಕಾಜಾ ಗುಂಡಿಗೆ ಮತ್ತೆ ದೇವೀರಮ್ಮ, ಕೈಸೂಜಿ ಹಿಡಿದು. ತುಳಿತದಿಂದಲೇ ಯಾರ ಪಾದವೆಂದು ನನಗೆ ತಿಳಿಯುತ್ತಿತ್ತು.

ಜಯಶೀಲ ಅವರಿಬ್ಬರನ್ನೂ ನೋಡುತ್ತಿದ್ದಳು. ಕಲಿಸಿ ಎಂದು ಕೇಳಲಿಲ್ಲ, ಅವರು ಕೂತು ಕಲಿಸಲೂ ಇಲ್ಲ. ಮೂವರಿಗೂ ಬಿಡುವಿರಲಿಲ್ಲ. ನಾಳೆಯ ಅಂಗಿ ನಾಳೆಗೇ ಬೇಕಾಗಿತ್ತು. ತಪಾಸಣೆಯ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಬೇರೆ ಮಾತೆತ್ತುತ್ತಿದ್ದರು.

ಪಾಲಾಕ್ಷಪ್ಪನವರು ಬಂದೇಬಿಟ್ಟರು. ಬಟ್ಟೆಯನ್ನೂ ತಾವೇ ತಂದಿದ್ದರು. ನೂರ್‌ಜಾನ್, ದೇವೀರಮ್ಮ ಬಾಗಿಲ ಹೊರಗೆ ನಿಲ್ಲಬೇಕು, ಯಾರೂ ಮಾತಾಡಬಾರದು ಎಂದರು. ಜಯಶೀಲಳ ಕೈ ನನ್ನ ಹಲಗೆಯ ಮೇಲಿತ್ತು. ಇವತ್ತು ಸಂಜೆ ನಾನೂ ಟೆಂಪೋ ಹತ್ತುತ್ತೇನೆ ಎಂದುಕೊಂಡೆ.

ಅವಳು ನನ್ನನ್ನು ಬಿಟ್ಟು ನೆಲಕ್ಕಿಳಿದಳು. ಕುಕ್ಕರಗಾಲಲ್ಲಿ ಕೂತು ನಾಲಿಗೆಯ ತುದಿ ಕಚ್ಚಿದಳು. ಕತ್ತರಿ ಬಟ್ಟೆಯೊಳಗೆ ಹೊರಟಿತು. ಎಲ್ಲೂ ನಿಲ್ಲಲಿಲ್ಲ.

ಆಮೇಲೆ ನನ್ನ ಬಳಿ ಬಂದು ಜೇಬು ಹೊಲಿದಳು. ಕಾಲರ್ ಕೂರಿಸಿದಳು, ಅದು ಅವಳದೇ. ಎದ್ದಳು. ಕೂತಿದ್ದ ಸ್ಟೂಲಿನ ಸುತ್ತ ಒಂದು ಸುತ್ತು ಬಂದು, ಸೆರಗನ್ನು ತಲೆಗೆಳೆದುಕೊಂಡು ಮತ್ತೆ ಕೂತಳು. ತುಳಿಹಲಗೆಯ ಮೇಲೆ ಪಾದ ಬಿತ್ತು. ನಾನು ದಿಗ್ಭ್ರಮೆಗೊಂಡೆ. ಅದು ಜಯಶೀಲಳ ಪಾದವಲ್ಲ. ಗುಬ್ಬಿ ಕುಪ್ಪಳಿಸುವ ಆ ತುಳಿತ ನೂರ್‌ಜಾನಳದು. ನೂರ್‌ಜಾನ್ ಆಚೆ ಬಾಗಿಲಲ್ಲಿ ನಿಂತು ಬಾಯಿಗೆ ಸೆರಗು ತುರುಕಿಕೊಂಡಿದ್ದಳು.

"ಯಾಕಮ್ಮ ಎದ್ದು ಎದ್ದು ಕೂರ್ತೀರಿ? ಒಂದೇ ಕಡೆ ಕೂತು ಹೊಲಿಯೋಕಾಗಲ್ವಾ?" ಎಂದರು ಅಧಿಕಾರಿ.

"ತೋಳು ನನ್ ಕೆಲ್ಸ ಅಲ್ಲ ಸಾ," ಎಂದಳು ಜಯಶೀಲ, ತಲೆ ಎತ್ತದೆ. "ನೂರ್‌ಜಾನ್‌ದು."

ಪಾಲಾಕ್ಷಪ್ಪನವರು ಅವಳನ್ನು ನೋಡಿದರು, ಬಾಗಿಲಲ್ಲಿದ್ದ ಇಬ್ಬರನ್ನು ನೋಡಿದರು. ಅವಳು ಮತ್ತೆ ಎದ್ದು ನೆಲಕ್ಕಿಳಿದು ಕಾಜಾ ಗುಂಡಿ ಮುಗಿಸಿದಳು. ಅವರು ಅಂಗಿಯನ್ನು ಕೈಗೆತ್ತಿಕೊಂಡು ಒಳಗೂ ಹೊರಗೂ ತಿರುಗಿಸಿದರು.

"ಒಬ್ಬೊಬ್ಬರಿಗೆ ಅಂಗಿ ಬರಲ್ಲ ಅಂತ ನೀವು ಅವತ್ತು ಹೇಳಿದ್ದು ನಿಜವೇನಮ್ಮ?"

"ಊಂ ಸಾ."

"ಆ ಎರಡು ಮಿಷನ್ನು..." ಎಂದು ಅವರು ನಿಲ್ಲಿಸಿದರು. "ಗೋಡೌನಿನಲ್ಲಿ ಹಂಗೇ ನಿಂತಿವೆ. ಯಾರಿಗೂ ಕೊಟ್ಟಿಲ್ಲ. ವಾಪಸ್ ಕೊಡೋಕೆ ನಿಯಮ ಇಲ್ಲ."

ಕೊಡಲು ನಿಯಮವಿತ್ತು, ಕಿತ್ತುಕೊಳ್ಳಲು ನಿಯಮವಿತ್ತು, ಹಿಂದಿರುಗಿಸಲು ಇರಲಿಲ್ಲ. ಅವು ಇಂದಿಗೂ ಬಂದಿಲ್ಲ. ಅವುಗಳ ಚಕ್ರ ಈಗ ತುಕ್ಕು ಹಿಡಿದು ಬಿಗಿದುಕೊಂಡಿರಬೇಕು. ನಾನು ಉಳಿದೆ.

ಬಹಳ ಕಾಲವಾಯಿತು. ಜಯಶೀಲಳ ಮಗಳು ನರ್ಸ್ ಆಗಿ, ಅಮ್ಮನಿಗೆ ಒಂದು ಕರೆಂಟಿನ ಮಿಷನ್ನು ತಂದುಕೊಟ್ಟಳು. ದೇವೀರಮ್ಮನಿಗೆ ಕಣ್ಣು ಮಂಜಾಗಿದೆ, ಕೂತು ಎಲ್ಲರನ್ನೂ ಗದರುತ್ತಾಳೆ. ನನ್ನ ಹೂಬಳ್ಳಿ ಅಳಿಸಿಹೋಗಿದೆ. ಕಿಟಕಿಯ ಪಕ್ಕದ ಮೂಲೆಯಲ್ಲಿದ್ದೇನೆ, ಹರಿದದ್ದು ಸವೆದದ್ದು ಬಂದರೆ ಮಾತ್ರ ನನ್ನನ್ನು ಎಬ್ಬಿಸುತ್ತಾರೆ.

ಮೊನ್ನೆ ಜವರಪ್ಪನ ಅಳಿಯ ಪೇಟೆಯಲ್ಲಿ ಕೊಂಡ ಒಂದು ಸಿದ್ಧ ಅಂಗಿ ತಂದ. ಮೈ ಗಟ್ಟಿಯಿದೆ, ಕಾಲರ್ ಮಾತ್ರ ಸವೆದಿದೆ, ತಿರುಗಿಸಿ ಹೊಲಿದುಕೊಡಿ ಎಂದ. ಜಯಶೀಲ ಒಳಗಿನ ಚೀಟಿ ನೋಡಿದಳು. ಕಾರ್ಖಾನೆಯಲ್ಲಿದ್ದವಳಿಗೆ ಅಂಥ ಚೀಟಿ ಓದುವುದು ಗೊತ್ತು. ಅವಳ ಕಾರ್ಖಾನೆಯ ಕೆಲಸ ಯಾವ ದೇಶಕ್ಕೆ ಹೋಗಿತ್ತೋ ಆ ದೇಶದ ಹೆಸರು ಅದರಲ್ಲಿತ್ತು. ಹೊಲಿಗೆ ಬಿಚ್ಚುತ್ತಾ ಬಿಚ್ಚುತ್ತಾ ಅವಳ ಕೈ ನಿಂತಿತು.

"ಈ ಮೂಲೆ ನೋಡೆ ನೂರ್‌ಜಾನ್. ಎಲ್ಲೂ ಎಳ್ದಿಲ್ಲ. ಇದೊಂದೇ ಕೆಲ್ಸ ಮಾಡೋ ಕೈ ಕನೆ ಇದು."

"ನಿನ್ ಕೆಲ್ಸ ಕಿತ್ಕೊಂಡವ್ಳು ಅಲ್ವಾ ಅಕ್ಕ ಅವಳು? ಹೊಗಳ್ತಾ ಕೂತಿದ್ದೀಯಲ್ಲ."

"ಅವಳೆಲ್ಲಿ ಕಿತ್ಕೊಂಡ್ಲು. ಅವಳ್ಗೂ ಯಾರೋ ಕೊಟ್ರು. ಇನ್ನೂ ಅಗ್ಗದವ್ರು ಸಿಕ್ಕುದ್ ದಿನ ಅವಳ ಗೇಟ್ಗೂ ಬೀಗ." ಅವಳು ಕಾಲರನ್ನು ಬೆಳಕಿಗೆ ಹಿಡಿದಳು. "ಕಾಲರ್ ಬುಟ್ರೆ ಅವಳ್ಗಿನ್ನೇನ್ ಬಂದಾತು."

ಇಷ್ಟು ಆಘಾತಗಳನ್ನು ಕಂಡ ನನಗೆ ಇದು ಹೊಳೆದೇ ಇರಲಿಲ್ಲ, ಆ ದೇಶದಲ್ಲೂ ಒಬ್ಬಳು ಊಟದ ಡಬ್ಬಿ ಹಿಡಿದು ಗೇಟಿಗೆ ಹೋಗುತ್ತಾಳೆಂಬುದು.

ಜಯಶೀಲ ಕಾಲರನ್ನು ತಿರುಗಿಸಿ ನನ್ನ ಕೆಳಗಿಟ್ಟು, ಚಕ್ರಕ್ಕೆ ಕೈ ಹಾಕಿ ಮೆಲ್ಲಗೆ ತುಳಿದಳು. ಬಟ್ಟೆಯಲ್ಲಿ ಆಗಲೇ ಸಣ್ಣ ಸಣ್ಣ ತೂತುಗಳಿದ್ದವು, ಆ ಕಾಣದ ಹೆಂಗಸು ಬಿಟ್ಟವು. ಜಯಶೀಲ ಹೊಸ ದಾರಿ ಹಿಡಿಯಲಿಲ್ಲ. ನನ್ನ ಸೂಜಿ ಒಂದೊಂದಾಗಿ ಅವೇ ತೂತುಗಳಲ್ಲಿ ಇಳಿಯಿತು.